ಮಸಾಲೆ ದೋಸೆಯ ಟೋಕನ್ನೂ ಎದುರು ಮನೆಯ ಎಡಗಾಲೂ

ಕಳ್ಳರನ್ನು ಹಿಡಿಯುವ ವಿದ್ಯೆಯಲ್ಲಿ ಇಡೀ ಮೈಲಾಪೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಇದು ಜಂಬವಲ್ಲ, ಅನುಭವ! ಉಡುಪಿ ಕಡೆಯಿಂದ ಮದ್ರಾಸಿಗೆ ಬಂದ ಲಾಗಾಯ್ತು ಹೋಟೆಲಿನ ಗಲ್ಲಾದಲ್ಲಿ ಕೂತವನು ನಾನು. ನಮ್ಮಲ್ಲಿ ಮೊದಲು ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ನಡುವೆ ತೂತಿರುವ ಪ್ಲಾಸ್ಟಿಕ್ ಬಿಲ್ಲೆ. ಸಪ್ಲೈಯರ್ ತಿಂಡಿ ತಂದಿಟ್ಟು, ಆ ಬಿಲ್ಲೆಯನ್ನು ಇಸಿದುಕೊಂಡು, ಅಡುಗೆಮನೆಯ ಬಾಗಿಲಿನ ಕಂಬಿಗೆ ಸಿಕ್ಕಿಸುತ್ತಿದ್ದ. ಸಂಜೆ ಕಂಬಿ ನೋಡಿದರೆ ಯಾರಿಗೆ ಏನು ಹೋಗಿದೆ ಎನ್ನುವುದು ಸ್ಪಷ್ಟ. ಟೋಕನ್ ಇಲ್ಲದೆ ತಿಂದವನನ್ನು ಹಿಡಿಯಲು ನನಗೆ ಕಂಬಿಯೂ ಬೇಕಿರಲಿಲ್ಲ. ಅವನ ಮೀಸೆಯ ತುದಿ ನೋಡಿದರೆ ಸಾಕಿತ್ತು. ಅಲ್ಲಿ ಚಟ್ನಿ ಇರುತ್ತಿತ್ತು!

ಈಗ ಹೋಟೆಲನ್ನು ನನ್ನ ಹೆಂಡತಿ ಸುಮತಿಯ ತಮ್ಮ ಅನಂತ ನೋಡಿಕೊಳ್ಳುತ್ತಾನೆ. ಬಿಲ್ಲು ಯಂತ್ರದಿಂದ ಬರುತ್ತದೆ. ಹಳೆಯ ಟೋಕನ್ನುಗಳು ಬಿಸ್ಕತ್ತಿನ ಡಬ್ಬಿ ಸೇರಿ ನಮ್ಮ ಮನೆಯ ಅಟ್ಟ ಹತ್ತಿವೆ. ನಾನು ಮೂರನೇ ಮಹಡಿಯ ಫ್ಲಾಟು ಹತ್ತಿ ಕೂತಿದ್ದೇನೆ. ಹಳೆಯ ಕಟ್ಟಡ, ಲಿಫ್ಟಿಲ್ಲ, ಹಿಡಿಯಲು ಕಳ್ಳರೂ ಇಲ್ಲ. ಇಂಥ ಹೊತ್ತಿನಲ್ಲಿ ಎದುರು ಮನೆಯ ರಾಮಪ್ರಸಾದರ ಎಡಗಾಲು ನನ್ನ ಬಾಳನ್ನು ಪ್ರವೇಶಿಸಿತು.

ರಾಮಪ್ರಸಾದ್ ಮೈಸೂರಿನವರು. ಐವತ್ತು ದಾಟಿದ, ನಗುಮುಖದ, ಯಾವುದೋ ಕಂಪನಿಯ ಲೆಕ್ಕಪತ್ರ ನೋಡುವ ಮನುಷ್ಯ. ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಅವರ ಎಡಗಾಲು ಮುಷ್ಕರ ಹೂಡಿತು. ಆಸ್ಪತ್ರೆಯಿಂದ ಬಂದ ಮೇಲೆ ಸರಕಾರದ ಮನೆ ಆರೈಕೆ ಯೋಜನೆಯಲ್ಲಿ ಹೆಸರು ಬರೆಸಿದರು. ಅವರ ಹೆಂಡತಿ ನಾಗರತ್ನ ಆಫೀಸಿಗೆ ಹೊರಟ ಮೇಲೆ ಸೆಲ್ವಿ ಎಂಬ ಆರೈಕೆಯ ಹೆಂಗಸು ಸರಕಾರದ ಖರ್ಚಿನಲ್ಲಿ ದಿನಾ ಮನೆಗೇ ಬಂದು, ರಕ್ತದೊತ್ತಡ ನೋಡಿ, ಕಾಲು ನೀವಿ, ಬಗ್ಗಿಸಿ, ಎತ್ತಿಸಿ, ನಿಲ್ಲಿಸಿ ಹೋಗುತ್ತಿದ್ದಳು. ಕಂಪನಿಯವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು. ಅಲ್ಲಿ ಲಿಫ್ಟ್ ಉಂಟು, ಕೆಲಸವೂ ಕೂತು ಮಾಡುವಂಥದ್ದು. ನಮ್ಮ ಮೂರು ಮಹಡಿಯ ಮೆಟ್ಟಿಲು ಇಳಿದರೆ ಕೆಲಸ ಉಳಿಯುತ್ತದೆ, ಇಳಿಯದಿದ್ದರೆ ಇಲ್ಲ. ವಿಷಯ ಇಷ್ಟು ಗಂಭೀರವಾಗಿತ್ತು.

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು! ಮುಚ್ಚಿಡುವುದೇಕೆ? ಆ ಕಾಲಿನ ಸುತ್ತ ನಡೆಯುತ್ತಿದ್ದ ಉಪಚಾರ ನೋಡಿದರೆ ಎಂಥವನಿಗೂ ಬರುತ್ತಿತ್ತು. ಕೆಳಗಿನ ಮನೆಯ ಮಾಮಿ ರಸಂ ಕಳಿಸುತ್ತಿದ್ದರು. ಮೇಲಿನ ಮನೆಯವರು ಪುಸ್ತಕ ಕೊಡುತ್ತಿದ್ದರು. ಇಸ್ತ್ರಿಯವನು ಸಹ ಬಾಗಿಲಲ್ಲಿ ನಿಂತು ಕಾಲಿನ ಕ್ಷೇಮ ಕೇಳಿ ಹೋಗುತ್ತಿದ್ದ. ನನಗೂ ಸೊಂಟನೋವು ಉಂಟು. ಅದರ ಕ್ಷೇಮ ಯಾರೂ ಕೇಳಿದ್ದಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಪತ್ರೊಡೆ. ನನಗೆ ಕೊಲೆಸ್ಟರಾಲ್ ಎಂದು ಡಾಕ್ಟರು ಹೇಳಿದಂದಿನಿಂದ ನಮ್ಮ ಮನೆಯಲ್ಲಿ ರಾತ್ರಿಗೆ ಗಂಜಿ, ಬೆಳಿಗ್ಗೆ ಓಟ್ಸ್. ಒಂದು ದಿನ ಅಡುಗೆಮನೆಯಿಂದ ಪತ್ರೊಡೆಗೆ ಹಿಟ್ಟು ಸವರಿ ಸುತ್ತಿದ ಕೆಸುವಿನ ಎಲೆ ಬೇಯುವ ಘಮ ಬಂತು. ನಾನು ಕೈತೊಳೆದು ತಟ್ಟೆಯ ಮುಂದೆ ಕೂತೆ. ಸುಮತಿ ತಟ್ಟೆ ಮುಚ್ಚಿದ ಪಾತ್ರೆ ಹಿಡಿದು ನನ್ನ ಪಕ್ಕದಲ್ಲೇ ಹಾದು ಹೊರಬಾಗಿಲಿನತ್ತ ನಡೆದಳು.

"ಎಲ್ಲಿಗೆ?" ಎಂದೆ.

"ಎದುರು ಮನೆಗೆ. ಪಾಪ, ಬಾಯಿ ಸಪ್ಪೆ ಅಂತ ಹೇಳ್ತಿದ್ರು."

"ನನ್ನ ಬಾಯಿ?"

"ನಿಮ್ಮ ಬಾಯಿಗೆ ಎಂತ ಆಗಿದೆ? ಬೆಳಗ್ಗಿಂದ ಸುಮ್ನೆ ಇದ್ದದ್ದು ನಾನು ಕಾಣಲಿಲ್ಲ."

ಎದುರು ಮನೆಯಿಂದ ರಾಮಪ್ರಸಾದರ ದನಿ ತೇಲಿ ಬಂತು. "ಅಯ್ಯೋ ಅಕ್ಕ, ಏನ್ ಚೆನ್ನಾಗಿದೆ ಅಂತೀರಿ! ಜನ್ಮದಲ್ಲಿ ಇಂಥದ್ದು ತಿಂದಿಲ್ಲ!" ಸುಮತಿ ಬಂದಾಗ ಅವಳ ಮುಖ ಬೆಳಗುತ್ತಿತ್ತು. ನನಗೆ ಓಟ್ಸ್ ಬಡಿಸಿದಳು. ಆ ಓಟ್ಸಿನ ಮೇಲೆ ಕೈಯಿಟ್ಟು ನಾನು ಮನಸ್ಸಿನಲ್ಲೇ ಹೇಳಿಕೊಂಡೆ: ಈ ಕಾಲಿನಲ್ಲಿ ಏನೋ ಮೋಸವಿದೆ!

ಅನುಮಾನ ಒಮ್ಮೆ ಬಂದರೆ ಪುರಾವೆ ತಾನಾಗಿ ನಡೆದು ಬರುತ್ತದೆ. ಇಲ್ಲಿ ಅಕ್ಷರಶಃ ನಡೆದು ಬಂತು. ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿನ ಗಾಜಿನ ಕಣ್ಣಿಗೆ ನನ್ನ ಕಣ್ಣು ಹಚ್ಚಿ ನಿಂತಿದ್ದೆ. ಯಾಕೆ ನಿಂತಿದ್ದೆ ಎಂದು ಕೇಳಬೇಡಿ. ಎದುರು ಬಾಗಿಲು ತೆರೆಯಿತು. ರಾಮಪ್ರಸಾದ್ ಚೌಕಟ್ಟು ಹಿಡಿದು ಒಂದು ಹೆಜ್ಜೆ ಹೊರಗಿಟ್ಟು, ಹಾಲಿನ ಪ್ಯಾಕೆಟ್ ತೆಗೆದುಕೊಂಡು, ಒಳಗೆ ಹೋದರು.

"ಸುಮತೀ! ನಿಂತಿದ್ದಾನೆ! ಎರಡು ಕಾಲಿನ ಮೇಲೆ!"

"ಮತ್ತೆ ಎಷ್ಟು ಕಾಲಿನ ಮೇಲೆ ನಿಲ್ಬೇಕು ಮಾರಾಯ್ರೆ? ಸೆಲ್ವಿ ದಿನಾ ನಿಲ್ಲಿಸಿ ಅಭ್ಯಾಸ ಮಾಡಿಸುದು ಅದಕ್ಕೇ ಅಲ್ವಾ?"

"ಸರಕಾರದ ದುಡ್ಡು! ಜನರ ತೆರಿಗೆ! ನಾನು ಕಟ್ಟಿದ ತೆರಿಗೆ!"

"ನೀವು ತೆರಿಗೆ ಕಟ್ಟುವಾಗ ಎಷ್ಟು ಕೂಗಾಡ್ತಿದ್ರಿ ಅಂತ ನನಗೆ ನೆನಪುಂಟು," ಎಂದು ಸುಮತಿ ಒಳಗೆ ಹೋದಳು.

ದೇವರು ಇದ್ದಾನೆ ಎಂದು ನನಗೆ ಅನಿಸಿದ್ದು ಆ ವಾರದ ಕೊನೆಯಲ್ಲಿ. ಯೋಜನೆಯ ಮೇಲ್ವಿಚಾರಕಿ ಮಲರ್ ಮೇಡಂ ನಮ್ಮ ಕಟ್ಟಡಕ್ಕೆ ಬಂದು ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಕರೆದರು. ಅವರ ಮಾತೆಲ್ಲ ತಮಿಳು. ಸಾರಾಂಶವನ್ನು ಕನ್ನಡದಲ್ಲಿ ಹೇಳುತ್ತೇನೆ. ಬೇರೆ ಕೆಲವು ಕಡೆ ಈ ಯೋಜನೆಯಲ್ಲಿ ಮೋಸ ನಡೆದಿದೆಯಂತೆ. ಕೆಲಸದವರು ಮನೆಗೆ ಹೋಗದೆಯೇ ಹೋದೆವು ಎನ್ನುತ್ತಾರಂತೆ. ಗಟ್ಟಿಮುಟ್ಟಾಗಿರುವವರು ಹಾಸಿಗೆ ಹಿಡಿದಿದ್ದೇವೆ ಎಂದು ಹೆಸರು ಬರೆಸುತ್ತಾರಂತೆ. ನಿಜವಾದ ರೋಗಿಗಳ ಪಾಲು ಹೀಗೆ ಪೋಲಾಗುತ್ತದೆ. ಆದ್ದರಿಂದ ಇನ್ನು ಮುಂದೆ ಪ್ರತಿ ಕಟ್ಟಡಕ್ಕೂ ನಿವಾಸಿಗಳಲ್ಲಿ ಒಬ್ಬರು ಸಾಕ್ಷಿ. ಮಲರ್ ಮೇಡಂ ಫೋನ್ ಮಾಡಿ ಕೇಳಿದಾಗ, ಸೆಲ್ವಿ ಬಂದಿದ್ದಳೋ ಇಲ್ಲವೋ, ರೋಗಿ ಹೇಗಿದ್ದಾರೆ ಎಂದು ಸಾಕ್ಷಿ ಹೇಳಬೇಕು. ಅಷ್ಟೇ ಕೆಲಸ.

"ಯಾರು ಒಪ್ಪಿಕೊಳ್ಳುತ್ತೀರಿ?" ಎಂದು ಅವರು ಕೇಳಿ ಮುಗಿಸುವ ಮೊದಲೇ ನಾನು ಎದ್ದು ನಿಂತಿದ್ದೆ. ಸೊಂಟ ಛಳಕ್ ಎಂದಿತು. ಲೆಕ್ಕಿಸಲಿಲ್ಲ.

ಮೆಟ್ಟಿಲು ಇಳಿಯಲಾಗದೆ ಮೇಲೆಯೇ ಉಳಿದಿದ್ದ ರಾಮಪ್ರಸಾದರಿಗೆ ಸುದ್ದಿ ಮುಟ್ಟಿಸಲು ನಾನೇ ಹೋದೆ. ಅವರಿಗೆ ಬಹಳ ಖುಷಿಯಾಯಿತು. "ಒಳ್ಳೇದಾಯ್ತು ಭಟ್ರೇ! ಬೇರೆ ಯಾರೋ ಬರೋಕಿಂತ ನೀವಾದ್ರೆ ಮನೆಯವರೇ ಇದ್ದಂಗೆ," ಎಂದರು. ಕಳ್ಳರೆಲ್ಲ ಮೊದಲಿಗೆ ಹೀಗೆಯೇ ಮಾತಾಡುತ್ತಾರೆ ಎಂದುಕೊಂಡೆ.

"ಬಂದಳು, ಹೋದಳು" ಎಂದು ಹೇಳುವುದಕ್ಕೆ ನನ್ನಂಥ ಅನುಭವಸ್ಥ ಬೇಕೇ? ಸೆಲ್ವಿ ಬಂದಳು ಸರಿ, ಒಳಗೆ ಏನು ಮಾಡಿದಳು? ಕಾಲು ನೀವಿದಳೋ, ಕೂತು ಹರಟೆ ಹೊಡೆದಳೋ? ಗಿರಾಕಿ ಒಳಗೆ ಹೋದ ಎಂದರೆ ಸಾಲದು, ಏನು ತಿಂದ ಎನ್ನುವುದು ಗೊತ್ತಾಗಬೇಕು. ಇದಕ್ಕೆ ಲೋಕದಲ್ಲಿ ಇರುವುದು ಒಂದೇ ವ್ಯವಸ್ಥೆ. ನಾನು ಏಣಿ ಹಾಕಿ ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ.

"ಇದೆಂತ ಹೊಸ ಆಟ?" ಎಂದಳು ಸುಮತಿ.

ನಾನು ವಿವರಿಸಿದೆ. ಸೆಲ್ವಿ ಬಂದ ಕೂಡಲೇ ನಾನು ಟೋಕನ್ ಕೊಡುತ್ತೇನೆ. ಅವಳು ಒಂದೊಂದು ಸೇವೆ ಮುಗಿಸಿದಾಗಲೂ ಒಂದೊಂದು ಟೋಕನ್ ರೋಗಿಗೆ ಕೊಡಬೇಕು. ರೋಗಿ ಅದನ್ನು ಕಂಬಿಗೆ ಸಿಕ್ಕಿಸಬೇಕು. ಸಂಜೆ ನಾನು ಕಂಬಿ ತಪಾಸಣೆ ಮಾಡುತ್ತೇನೆ. ಬಿಳಿ ಟೋಕನ್ ರಕ್ತದೊತ್ತಡಕ್ಕೆ, ಹಸಿರು ವ್ಯಾಯಾಮಕ್ಕೆ, ಕೆಂಪು ಕಾಲು ನೀವುವುದಕ್ಕೆ.

ಸುಮತಿ ಒಂದು ಕೆಂಪು ಟೋಕನ್ ಎತ್ತಿ ಬೆಳಕಿಗೆ ಹಿಡಿದಳು. "ಇದರಲ್ಲಿ ಮಸಾಲೆ ದೋಸೆ ಅಂತ ಬರ್ದಿದೆ. ತಮಿಳಲ್ಲೂ ಬರ್ದಿದೆ."

"ಅದು ಮುಖ್ಯವಲ್ಲ. ಬಣ್ಣ ಮುಖ್ಯ."

"ಬಿಳಿಯದ್ರಲ್ಲಿ ಕಾಫಿ. ಹಸಿರಿನಲ್ಲಿ ಇಡ್ಲಿ ವಡೆ."

"ವ್ಯವಸ್ಥೆಯನ್ನು ನೋಡು ಮಾರಾಯ್ತಿ, ಅಕ್ಷರವನ್ನು ನೋಡಬೇಡ!"

"ನಿಮಗೆ ಫೋನಿನಲ್ಲಿ ಹೌದು ಅಂತ ಹೇಳಿದ್ರೆ ಸಾಕು ಅಂತ ಆ ಮೇಡಂ ಹೇಳಿದ್ದಲ್ವಾ? ಬೇಕಾ ಇದೆಲ್ಲ?"

ಹೆಂಗಸರಿಗೆ ಆಡಳಿತ ಅರ್ಥವಾಗುವುದಿಲ್ಲ ಎಂದು ಗೊಣಗಿಕೊಂಡು, ಒಂದು ಹಲಗೆಗೆ ಮೊಳೆಯಂಥ ಕಂಬಿ ಹೊಡೆದು, ರಾಮಪ್ರಸಾದರ ಹಾಸಿಗೆಯ ಪಕ್ಕದ ಗೋಡೆಗೆ ನೇತುಹಾಕಿ ಬಂದೆ. ಅವರು ಆಗ ಅರೆನಿದ್ರೆಯಲ್ಲಿದ್ದರು. "ಇದರಲ್ಲಿ ಸಿಕ್ಕಿಸಬೇಕು," ಎಂದೆ. "ಆಯ್ತು ಭಟ್ರೇ, ಥ್ಯಾಂಕ್ಸ್," ಎಂದರು. ವ್ಯವಸ್ಥೆ ಜಾರಿಗೆ ಬಂತು!

ಮರುದಿನ ಸೆಲ್ವಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ರಕ್ತದೊತ್ತಡದ ಪಟ್ಟಿ. ನಾನು ಮೂರು ಟೋಕನ್ ಅವಳ ಅಂಗೈಗಿಟ್ಟು, ಹೋಟೆಲಿನ ತಮಿಳಿನಲ್ಲಿ ಗಂಭೀರವಾದ ಭಾಷಣ ಮಾಡಿದೆ. ಸಾರ್ವಜನಿಕ ಹಣದ ಪಾವಿತ್ರ್ಯದಿಂದ ಆರಂಭಿಸಿದೆ. ಗಲ್ಲಾದ ಅನುಭವಗಳಿಗೆ ಬಂದೆ. ಕಂಬಿಯ ವಿಷಯಕ್ಕೆ ಬರುವಷ್ಟರಲ್ಲಿ ಅವಳು ಕೈಗಡಿಯಾರ ನೋಡಿಕೊಂಡು, ಮುಖವರಳಿಸಿ, "ಸರಿ ಹೋಟೆಲ್ ಸಾರ್, ರೊಂಬ ಥ್ಯಾಂಕ್ಸ್ ಸಾರ್, ನಿಮ್ಮ ಮನಸ್ಸು ದೊಡ್ಡದು," ಎಂದು ಟೋಕನ್ನುಗಳನ್ನು ಕಣ್ಣಿಗೊತ್ತಿಕೊಂಡು ಒಳಗೆ ಓಡಿದಳು.

ಕಣ್ಣಿಗೊತ್ತಿಕೊಂಡಾಗಲೇ ನನಗೆ ಹೊಳೆಯಬೇಕಿತ್ತು. ಎಷ್ಟು ಶಿಸ್ತಿನ ಹೆಂಗಸು ಎಂದುಕೊಂಡೆ!

ಸಂಜೆ ತಪಾಸಣೆಗೆ ಹೋದೆ. ಕಂಬಿಯಲ್ಲಿ ಟೋಕನ್ ಇರಲಿಲ್ಲ. ರಾಮಪ್ರಸಾದರ ಉಣ್ಣೆಯ ಟೋಪಿ ಇತ್ತು. "ಒಳ್ಳೇ ಜಾಗದಲ್ಲಿ ಹಾಕಿದೀರ ಭಟ್ರೇ, ಮಲಗಿದ್ದಲ್ಲಿಂದಲೇ ಕೈಗೆ ಸಿಗತ್ತೆ," ಎಂದರು. ನಾನು ಬಾಯಿ ಬಿಡಲಿಲ್ಲ. ಕಳ್ಳನನ್ನು ಮೊದಲ ದಿನವೇ ಎಚ್ಚರಿಸಬಾರದು. ಮರುದಿನವೂ ಸೆಲ್ವಿಗೆ ಟೋಕನ್ ಕೊಟ್ಟೆ. ಸಂಜೆ ಕಂಬಿಯಲ್ಲಿ ಕರೆಂಟ್ ಬಿಲ್ಲು! ಅದರ ಮರುದಿನ ನಾಗರತ್ನ ಅವರ ಮಲ್ಲಿಗೆ ದಂಡೆ. ವಾರವಿಡೀ ನೋಡಿದೆ. ಒಂದೇ ಒಂದು ಟೋಕನ್ ಇಲ್ಲ!

ಅಂದರೆ? ರಕ್ತದೊತ್ತಡ ನೋಡಿಲ್ಲ, ವ್ಯಾಯಾಮ ಆಗಿಲ್ಲ, ಕಾಲು ನೀವಿಲ್ಲ. ಇಬ್ಬರೂ ಸೇರಿ ಸರಕಾರದ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ! ನನ್ನ ಎದೆ ಉಬ್ಬಿತು. ಹೊಟ್ಟೆಯೊಳಗಿನ ಕಿಚ್ಚಿಗೆ ನ್ಯಾಯದ ಮುದ್ರೆ ಬಿದ್ದರೆ ಎಷ್ಟು ಹಿತ ಅನ್ನುತ್ತೀರಿ! ಮಲರ್ ಮೇಡಂಗೆ ಫೋನ್ ಹಚ್ಚಿದೆ. "ಮೇಡಂ, ಕಂಬಿ ಖಾಲಿ ಇದೆ. ಬಂದು ನೋಡಿ," ಎಂದೆ. ಯಾವ ಕಂಬಿ ಎಂದು ಕೇಳಿದರು. "ಬಂದರೆ ಗೊತ್ತಾಗುತ್ತದೆ," ಎಂದು ಗಂಭೀರವಾಗಿ ಫೋನ್ ಇಟ್ಟೆ.

ಸುಮತಿ ಹಿಂದೆಯೇ ನಿಂತಿದ್ದಳು. "ಹೇಳಿಯಾಯ್ತಾ?"

"ಆಯ್ತು. ಇನ್ನು ನೋಡು. ಪತ್ರೊಡೆ ಯಾರಿಗೆ ಕೊಡಬೇಕು ಅಂತ ನಿನಗೂ ಗೊತ್ತಾಗುತ್ತದೆ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಓ, ಪತ್ರೊಡೆಯಾ ವಿಷಯ," ಎಂದಳು, ಅಷ್ಟೇ.

ಮಲರ್ ಮೇಡಂ ಬಂದದ್ದು ಸೆಲ್ವಿ ಕೆಲಸದಲ್ಲಿದ್ದ ಹೊತ್ತಿಗೇ. ನಾನು ಮುಂದೆ, ಅವರು ಹಿಂದೆ, ಸುಮತಿ ಎಲ್ಲರಿಗಿಂತ ಹಿಂದೆ. ಒಳಗೆ ಹೋದರೆ ರಾಮಪ್ರಸಾದ್ ಕುರ್ಚಿ ಹಿಡಿದು ನಿಂತಿದ್ದರು. ಸೆಲ್ವಿ ಅವರ ಮೊಣಕಾಲು ಹಿಡಿದು "ಇನ್ನೊಂದು ಸಲ, ಇನ್ನೊಂದೇ ಸಲ," ಎನ್ನುತ್ತಿದ್ದಳು. ಇಬ್ಬರೂ ಬೆವರುತ್ತಿದ್ದರು. ದೃಶ್ಯ ನನ್ನ ವಾದಕ್ಕೆ ಅಷ್ಟಾಗಿ ಅನುಕೂಲವಾಗಿರಲಿಲ್ಲ. ಆದರೂ ಧೈರ್ಯಗೆಡದೆ ಗೋಡೆಯ ಕಂಬಿಯತ್ತ ಕೈ ತೋರಿಸಿದೆ.

"ನೋಡಿ ಮೇಡಂ, ನಾನು ಕೊಟ್ಟ ಟೋಕನ್ ಒಂದೂ ಇಲ್ಲಿಗೆ ಬಂದಿಲ್ಲ! ಎಲ್ಲಿ ಹೋದವು ಎಂದು ಇವಳನ್ನೇ ಕೇಳಿ!"

ಮೇಡಂ ಕೇಳಿದರು. ಸೆಲ್ವಿ ಸ್ವಲ್ಪವೂ ಹೆದರಲಿಲ್ಲ. ನಾಚಿಕೊಂಡಳು. "ಹೋಟೆಲ್ ಸಾರ್ ದಿನಾ ನನಗೆ ತಿಂಡಿಯ ಟೋಕನ್ ಕೊಡುತ್ತಾರೆ ಮೇಡಂ. ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ ಬರುತ್ತೇನೆ ಅಂತ ಅವರಿಗೆ ಹೇಗೋ ಗೊತ್ತಾಗಿದೆ. ಇಲ್ಲಿ ಮುಗಿಸಿ ಅವರ ಹೋಟೆಲಿಗೆ ಹೋಗಿ ಇಡ್ಲಿ ವಡೆ, ಕಾಫಿ ತೆಗೆದುಕೊಳ್ಳುತ್ತೇನೆ. ದೋಸೆ ನನ್ನ ಜೊತೆಯವಳಿಗೆ ಕಟ್ಟಿಸಿಕೊಳ್ಳುತ್ತೇನೆ. ಎಂಥ ದೋಸೆ ಮೇಡಂ!"

ಕುರ್ಚಿ ಹಿಡಿದಿದ್ದ ರಾಮಪ್ರಸಾದ್ ಮೆಲ್ಲಗೆ ಕೂತರು. ನಾನು ಅನಂತನಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳುವಂತೆ ಮಾಡಿದ್ದು ನನ್ನ ಇನ್ನೊಂದು ಬುದ್ಧಿವಂತಿಕೆ.

"ಹೌದು ಭಾವ, ದಿನಾ ಬರ್ತಾಳೆ," ಎಂದ ಅನಂತ. "ಹಳೇ ಟೋಕನ್ ಕಂಡು ನಮ್ಮ ಸಪ್ಲೈಯರ್ ಮಂಜಣ್ಣನ ಕಣ್ಣಲ್ಲಿ ನೀರು ಬಂತು. ಭಟ್ರು ಕೊಟ್ಟದ್ದು ಅಂದ್ರೆ ಕೊಡ್ಲೇಬೇಕು ಅಂತ ಅವನೇ ನಿಂತು ಬಡಿಸ್ತಾನೆ. ಎಂತ, ಸಾಕು ಮಾಡುದಾ? ನೀವು ಧರ್ಮಕ್ಕೆ ಅಂತ ಮಾಡಿದ್ದು ಅಂತ ನಾನು ಸುಮ್ನಿದ್ದೆ. ನಿಮ್ಮ ಹೆಸರಲ್ಲಿ ಹಾಕಿದ್ದೇನೆ."

ನಾನು ಫೋನ್ ಇಟ್ಟೆ. ಮಲರ್ ಮೇಡಂ ಮುಖ ಗಂಟಿಕ್ಕಿತ್ತು. ಅವರು ಒಂದೊಂದೇ ಮಾತನ್ನು ತೂಕ ಮಾಡಿ ಹೇಳಿದರು. "ಸಾಕ್ಷಿಯೇ ಕೆಲಸದವಳಿಗೆ ದಿನಾ ಊಟ ತಿಂಡಿ ಕೊಡಿಸುತ್ತಿದ್ದಾರೆ. ಕೆಲಸದವಳು ತೆಗೆದುಕೊಳ್ಳುತ್ತಿದ್ದಾಳೆ. ನಾನು ಫೋನ್ ಮಾಡಿದಾಗಲೆಲ್ಲ ಸಾಕ್ಷಿ, ಬಂದಳು ಬಂದಳು ಎಂದಿದ್ದಾರೆ. ನಾವು ತರಬೇತಿಯಲ್ಲಿ ಮೋಸಕ್ಕೆ ಕೊಡುವ ಉದಾಹರಣೆಯೇ ಇದು, ಸಾರ್."

"ಮೇಡಂ, ಮೋಸ ತಡೆಯಲೆಂದೇ ನಾನು..."

"ವಿಚಾರಣೆ ಮುಗಿಯುವವರೆಗೆ ಈ ಮನೆಗೆ ಸೆಲ್ವಿ ಬರುವ ಹಾಗಿಲ್ಲ. ಬದಲಿಗೆ ಕಳಿಸಲು ಈಗ ಯಾರೂ ಇಲ್ಲ."

ಸೆಲ್ವಿ ತನ್ನ ಚೀಲ ಕಟ್ಟಿಕೊಂಡಳು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಅದರಲ್ಲಿದ್ದ ಆವತ್ತಿನ ಟೋಕನ್ನುಗಳನ್ನು ನನ್ನ ಮುಂದಿನ ಮೇಜಿನ ಮೇಲಿಟ್ಟು ಹೋದಳು.

ರಾಮಪ್ರಸಾದ್ ಬೈದಿದ್ದರೆ ಚೆನ್ನಾಗಿತ್ತು. ಬೈಯುವವರಿಗೆ ಉತ್ತರ ಕೊಟ್ಟು ನನಗೆ ಅಭ್ಯಾಸವಿದೆ. ಅವರು ತಮ್ಮ ಎಡಗಾಲನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ತಿಂಗಳ ಕೊನೆಗೆ ಬರ್ತೀನಿ ಅಂತ ನಿನ್ನೆ ತಾನೆ ಆಫೀಸಿಗೆ ಹೇಳ್ದೆ. ಈಗ ಏನ್ ಹೇಳ್ಲಿ ಭಟ್ರೇ?" ಎಂದರು. ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ತಟ್ಟನೆ ಆರಿ ತಣ್ಣಗಾದದ್ದು ನನಗೆ ಚೆನ್ನಾಗಿ ತಿಳಿಯಿತು. ಹಾಗೆ ತಣ್ಣಗಾದದ್ದು ಹಿತವಾಗಿರಲಿಲ್ಲ.

ಮರುದಿನ ಸುಮತಿ ನನ್ನನ್ನು ಮಲರ್ ಮೇಡಂ ಕಚೇರಿಗೆ ಎಳೆದುಕೊಂಡು ಹೋದಳು. ಅಲ್ಲಿ ನಾನು ಗಲ್ಲಾ, ಟೋಕನ್, ಕಂಬಿ, ಗಾಜಿನ ಕಣ್ಣು ಎಲ್ಲವನ್ನೂ ಮೊದಲಿಂದ ಹೇಳಿದೆ. ಮೇಡಂ ಪೂರ್ತಿ ಕೇಳಿದರು.

"ಇದನ್ನು ನಾನು ಎರಡೇ ರೀತಿಯಲ್ಲಿ ದಾಖಲಿಸಬಹುದು ಸಾರ್. ಮೋಸ ಅಂತ ಬರೆದರೆ ಸೆಲ್ವಿಯ ಕೆಲಸ ಹೋಗುತ್ತದೆ. ನಿಮ್ಮ ದಡ್ಡತನ ಅಂತ ಬರೆದರೆ ನಿಮ್ಮ ಮರ್ಯಾದೆ ಹೋಗುತ್ತದೆ. ಯಾವುದು ಬರೆಯಲಿ?"

ನಾನು ಗಂಟಲು ಸರಿಮಾಡಿಕೊಂಡೆ. ಇದಕ್ಕೊಂದು ಗೌರವಯುತವಾದ ಮೂರನೇ ದಾರಿ ಇದ್ದೀತೇ ಎಂದು ಯೋಚಿಸುತ್ತಿದ್ದೆ.

"ದಡ್ಡತನ ಅಂತಲೇ ಬರೀರಿ ಮೇಡಂ," ಎಂದಳು ಸುಮತಿ ತಮಿಳಿನಲ್ಲಿ. "ಬೇಕಾದರೆ ಸಾಕ್ಷಿಗೆ ನಾನಿದ್ದೇನೆ."

ಬರೆದರು. ಆದರೆ ದಡ್ಡತನ ಕೂಡ ಮೇಲಿನ ಅಧಿಕಾರಿಗಳ ಮೇಜು ದಾಟಿ ಬರಬೇಕಂತೆ. ಅಲ್ಲಿಯವರೆಗೆ ಆ ಕಾಲಿನ ಗತಿ? ಮನೆಗೆ ಬಂದ ಮೇಲೆ ಸುಮತಿ ತೀರ್ಪು ಕೊಟ್ಟಳು. "ನಾಳೆಯಿಂದ ನೀವೇ ಮಾಡುದು. ಸೆಲ್ವಿ ಹತ್ರ ನಾನು ಮಾತಾಡಿದ್ದೇನೆ. ಫೋನಿನಲ್ಲಿ ತೋರಿಸಿಕೊಡ್ತಾಳಂತೆ, ಪಾಪ. ನಿಮ್ಮ ಮೇಲೆ ಸಿಟ್ಟುಂಟು, ಅವರ ಕಾಲಿನ ಮೇಲೆ ಇಲ್ಲ ಅಂದ್ಲು."

ಹೀಗೆ ನಾನು, ಒಂದು ಕಾಲದಲ್ಲಿ ಗಲ್ಲಾದ ಮೇಲೆ ರಾಜನ ಹಾಗೆ ಮೆರೆದವನು, ಪಂಚೆ ಎತ್ತಿ ಕಟ್ಟಿ ಎದುರು ಮನೆಯ ನೆಲದ ಮೇಲೆ ಕೂತೆ. ನನ್ನ ಮಡಿಲಲ್ಲಿ ರಾಮಪ್ರಸಾದರ ಎಡಗಾಲು! ಕುರ್ಚಿಯ ಮೇಲೆ ಒರಗಿಸಿಟ್ಟ ಫೋನಿನಲ್ಲಿ ಸೆಲ್ವಿಯ ಮುಖ. "ಹೋಟೆಲ್ ಸಾರ್, ಹಿಟ್ಟು ನಾದುವ ಹಾಗೆ ನಾದಬೇಡಿ! ಮೆಲ್ಲಗೆ! ಹಿಮ್ಮಡಿ ಹಿಡಿಯಿರಿ! ಅದು ಬಲಗಾಲು ಸಾರ್!"

ರಾಮಪ್ರಸಾದ್ ಮೊದಲ ದಿನ ಸಂಕೋಚದಿಂದ ಬಿಗಿದುಕೊಂಡಿದ್ದರು. ಎರಡನೇ ದಿನ, "ಸ್ವಲ್ಪ ಕೆಳಗೆ ಭಟ್ರೇ," ಎಂದರು. ಆಮೇಲೆ ಕಣ್ಣು ಮುಚ್ಚಿ ರೇಡಿಯೋ ಕೇಳತೊಡಗಿದರು. ನಿಲ್ಲಿಸುವಾಗ ಅವರ ತೋಳು ನನ್ನ ಹೆಗಲ ಮೇಲೆ, ಇಡೀ ಮೈಯ ಭಾರ ನನ್ನ ಸೊಂಟದ ಮೇಲೆ. ಒಂದು ಹೆಜ್ಜೆಗೆ ಅವರು ನರಳಬೇಕು, ನರಳುತ್ತಿದ್ದದ್ದು ನಾನು! ಸರಿಯಾಗಿ ವ್ಯಾಯಾಮ ಮುಗಿಯುವ ಹೊತ್ತಿಗೆ ಸುಮತಿ ಲೋಟದಲ್ಲಿ ಹಬೆಯಾಡುವ ಕಾಫಿ ತರುತ್ತಿದ್ದಳು. ಒಂದೇ ಲೋಟ. ಅದು ರೋಗಿಗೆ.

"ನನಗೆ?" ಎಂದೆ ಒಂದು ದಿನ.

ಅವಳು ಸೆರಗಿನ ತುದಿಯಿಂದ ಒಂದು ಬಿಳಿ ಟೋಕನ್ ಬಿಚ್ಚಿ ನನ್ನ ಕೈಗಿಟ್ಟಳು. "ಹೋಟೆಲಿಗೆ ಹೋಗಿ ಕುಡಿಯಿರಿ. ಮಂಜಣ್ಣ ಕೊಡ್ತಾನೆ."

ರಾಮಪ್ರಸಾದ್ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕರು. ನನಗೂ ನಗು ಬಂತು, ಆದರೆ ನಗುವಾಗ ಸೊಂಟ ನೋಯುತ್ತಿತ್ತು. ಅಂದಿನಿಂದ ನಾವು ಮೆಟ್ಟಿಲಿನ ಅಭ್ಯಾಸಕ್ಕೆ ತೊಡಗಿದೆವು. ಅವರು ಒಂದು ಮೆಟ್ಟಿಲು ಇಳಿದರೆ ನಾನು ಕೆಳಗಿನ ಮೆಟ್ಟಿಲಿನಲ್ಲಿ ಹಿಮ್ಮುಖವಾಗಿ ನಿಂತು ಎರಡೂ ಕೈ ಚಾಚುತ್ತಿದ್ದೆ. ಕೆಳಗಿನ ಮನೆಯ ಮಾಮಿ ಬಾಗಿಲು ತೆರೆದು, "ಪಾವಂ, ಎಷ್ಟು ಕಷ್ಟಪಡುತ್ತಿದ್ದಾರೆ," ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ರಾಮಪ್ರಸಾದರ ಬಗ್ಗೆ.

ಕೊನೆಗೂ ಮೇಲಿನ ಅಧಿಕಾರಿಗಳು ನನ್ನ ದಡ್ಡತನವನ್ನು ಅಂಗೀಕರಿಸಿದರು. ಸೆಲ್ವಿ ಮರಳಿ ಬಂದಳು. ಕಾಲನ್ನು ಒತ್ತಿ, ಬಗ್ಗಿಸಿ, ತಿರುಗಿಸಿ ನೋಡಿ, "ಪರವಾಗಿಲ್ಲ, ಹಾಳು ಮಾಡಿಲ್ಲ," ಎಂದಳು. ನನ್ನ ವೃತ್ತಿಜೀವನದಲ್ಲಿ ಇಷ್ಟು ದೊಡ್ಡ ಪ್ರಶಂಸೆ ನನಗೆ ಸಿಕ್ಕಿದ್ದಿಲ್ಲ. ತಿಂಗಳು ಮುಗಿಯುವುದಕ್ಕೆ ಮೊದಲೇ ಒಂದು ಬೆಳಿಗ್ಗೆ ರಾಮಪ್ರಸಾದ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಕಟಕಟೆ ಹಿಡಿದು ಮೂರು ಮಹಡಿಯನ್ನೂ ಇಳಿದರು. ಕಟ್ಟಡದವರೆಲ್ಲ ಮೆಟ್ಟಿಲಿನ ಉದ್ದಕ್ಕೂ ನಿಂತು ಚಪ್ಪಾಳೆ ತಟ್ಟಿದರು. ನಾಗರತ್ನ ಅತ್ತರು. ಸುಮತಿ ಅತ್ತಳು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

ಗೇಟಿನ ಬಳಿ ನಿಂತು ರಾಮಪ್ರಸಾದ್ ಎಲ್ಲರಿಗೂ ಕೈಮುಗಿದರು. "ಸೆಲ್ವಿಯಮ್ಮಾ, ನೀವು ನನ್ನ ಕಾಲು ವಾಪಸ್ ಕೊಟ್ರಿ. ಸುಮತಿ ಅಕ್ಕ, ನಿಮ್ಮ ಪತ್ರೊಡೆ ನನಗೆ ಜೀವ ಕೊಡ್ತು. ಮಲರ್ ಮೇಡಂಗೂ ನನ್ನ ಥ್ಯಾಂಕ್ಸ್ ಹೇಳ್ಬಿಡಿ." ನಾನು ಸೊಂಟ ನೆಟ್ಟಗೆ ಮಾಡಿ ನನ್ನ ಸರದಿಗೆ ಕಾದೆ. ಆಟೋ ಬಂತು. ಅವರು ಹತ್ತಿ ಹೋದರು.

ನಂದಿಹೋಗಿದೆ ಎಂದುಕೊಂಡಿದ್ದ ಕಿಚ್ಚು ಮತ್ತೆ ಭಗ್ಗೆಂದಿತು. ಅವನ ಕಾಲನ್ನು ಮಡಿಲಲ್ಲಿಟ್ಟುಕೊಂಡವನು ನಾನು! ಹಾಗೆ ಇಟ್ಟುಕೊಂಡೇ ನನ್ನ ಸೊಂಟ ಹಿಡಿದುಕೊಂಡಿರುವುದು! ಸರಕಾರದ ಆರೈಕೆ ಅವನಿಗೆ ಸಿಗುವುದಾದರೆ ನನಗೇಕಿಲ್ಲ? ಅಂದೇ ಹಾಸಿಗೆ ಹಿಡಿದೆ. ಯೋಜನೆಗೆ ನನ್ನ ಹೆಸರು ಬರೆಸಿದೆ. ನೋವು ಇದ್ದದ್ದು ನಿಜ. ಏಳಲು ಆಗುವುದಿಲ್ಲ ಎಂದದ್ದರಲ್ಲಿ ಮಾತ್ರ ಸ್ವಲ್ಪ ಉಪ್ಪು ಖಾರ ಹೆಚ್ಚಾಗಿತ್ತು.

ಮಲರ್ ಮೇಡಂ ಪರಿಶೀಲನೆಗೆ ಬಂದರು. ಜೊತೆಗೆ ನಮ್ಮ ಕಟ್ಟಡದ ಹೊಸ ಸಾಕ್ಷಿಯೂ ಬಂದರು. ನನ್ನನ್ನು ತೆಗೆದ ಮೇಲೆ ಎಲ್ಲರೂ ಒಮ್ಮತದಿಂದ ಆರಿಸಿದವರು, ಊರುಗೋಲು ಹಿಡಿದ ರಾಮಪ್ರಸಾದ್! ನನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, "ಏನ್ ಭಟ್ರೇ, ಹಿಂಗಾಗ್ಬಿಡ್ತು? ಎಲ್ಲ ನನ್ನಿಂದಲೇ," ಎಂದು ನಿಜವಾಗಿಯೂ ನೊಂದುಕೊಂಡರು. ನಾನು ಕಣ್ಣು ಅರೆಮುಚ್ಚಿ ನರಳಿದೆ. ಚೆನ್ನಾಗಿಯೇ ನರಳಿದೆ. ಮೇಡಂ ಏನೋ ಬರೆದುಕೊಳ್ಳುತ್ತಿದ್ದರು. ಸೆಲ್ವಿಯ ಬರವು ಇನ್ನೇನು ಖಾತ್ರಿಯಾಯಿತು ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಆ ಘಮ ಬಂತು.

ಕೆಸುವಿನ ಎಲೆ! ಒಗ್ಗರಣೆ!

ಹಿಂದೆಯೇ ಸುಮತಿಯ ದನಿ. "ರಾಮಪ್ರಸಾದ್, ಹೋಗ್ಬೇಡಿ ಮಾರಾಯ್ರೆ. ಪತ್ರೊಡೆ ಮಾಡಿದ್ದೇನೆ. ಇವರಿಗೆ ಹೇಗೂ ಮಲಗಿದ್ದಲ್ಲಿ ಗಂಜಿಯೇ ಆಗುದು. ಪೂರ್ತಿ ನಿಮಗೇ ಕಟ್ಟಿ ಕೊಡ್ತೇನೆ."

ಪೂರ್ತಿ!

ಮುಂದಿನದ್ದು ಹೇಗಾಯಿತು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಹೊದಿಕೆ ಹಾರಿದ್ದು ನೆನಪಿದೆ. ಕುರ್ಚಿಯಲ್ಲಿದ್ದ ರಾಮಪ್ರಸಾದರನ್ನು ದಾಟಿಕೊಂಡು ಓಡಿದ್ದು ನೆನಪಿದೆ. ಎಚ್ಚರವಾದಾಗ ನಾನು ಅಡುಗೆಮನೆಯಲ್ಲಿ ಎರಡು ಕಾಲಿನ ಮೇಲೆ ನಿಂತಿದ್ದೆ. ಕೈಯಲ್ಲಿ ಪಾತ್ರೆ, ಬಾಯಿ ತುಂಬ ಪತ್ರೊಡೆ. ಬಾಗಿಲಲ್ಲಿ ಮಲರ್ ಮೇಡಂ, ಅವರ ಹಿಂದೆ ರಾಮಪ್ರಸಾದ್.

"ಸಾಕ್ಷಿ ಏನು ಹೇಳುತ್ತೀರಿ?" ಎಂದು ಮೇಡಂ ಕೇಳಿದರು.

ರಾಮಪ್ರಸಾದ್ ನನ್ನನ್ನು ನೋಡಿದರು. ಪಾತ್ರೆಯನ್ನು ನೋಡಿದರು. ಪ್ರಾಣಸ್ನೇಹಿತನಿಗಾಗಿ ಒಂದು ಸುಳ್ಳು ಹೇಳಬಹುದಿತ್ತು. ಆದರೆ ಅವರು ಪ್ರಾಮಾಣಿಕ ಮನುಷ್ಯ. ಅದು ನನಗೆ ಮೊದಲೇ ಗೊತ್ತಿದ್ದಿದ್ದರೆ ಈ ಕಥೆಯೇ ಇರುತ್ತಿ­ರಲಿಲ್ಲ.

"ಓಡ್ತಾರೆ ಮೇಡಂ," ಎಂದರು.

ಹೀಗೆ ನಮ್ಮ ಕಟ್ಟಡದಲ್ಲಿ ಮನೆ ಆರೈಕೆ ಯೋಜನೆಗೆ ಮೋಸ ಮಾಡಲು ಹೊರಟ ಒಬ್ಬನೇ ಒಬ್ಬ ಆಸಾಮಿ ಸಿಕ್ಕಿಬಿದ್ದ. ಅವನನ್ನು ಹಿಡಿಯಲು ಟೋಕನ್ನೂ ಬೇಕಾಗಲಿಲ್ಲ, ಕಂಬಿಯೂ ಬೇಕಾಗಲಿಲ್ಲ. ಮಲರ್ ಮೇಡಂ ಹೋಗುವ ಮೊದಲು ನನ್ನತ್ತ ಒಂದು ಕರವಸ್ತ್ರ ಚಾಚಿ, "ಒರೆಸಿಕೊಳ್ಳಿ ಸಾರ್," ಎಂದರು. ಮೀಸೆಯ ತುದಿಯಲ್ಲಿ ಪತ್ರೊಡೆ ಇತ್ತು.